ಎದೆಗೊಂದು ಕೆಂಪು ಹೂವು: ಪಾಪ್ಪಿ ಬಗ್ಗೆ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಕೆಲವು ವರ್ಷಗಳಿಂದ ಪ್ರತಿ ನವೆಂಬರಿನ ಮೊದಲ ವಾರ ನಮ್ಮೂರಿನ ರೈಲ್ವೆ ಸ್ಟೇಷನ್ ಬಾಗಿಲಲ್ಲಿ ಪಾಪ್ಪಿ ಹೂವಿನ ತಟ್ಟೆ, ಕಾಸಿನ ಡಬ್ಬಿ ಹಿಡಿದು ನಿಲ್ಲುತ್ತೇನೆ. ಕನ್ನಡದವರು ಸಿಕ್ಕರೆ ನಿಂತು ಮಾತಾಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಹೊಸದಾಗಿ ಬಂದ ಹುಡುಗರು, ಮಗಳ ಬಾಣಂತನಕ್ಕೆ ಬಂದ ತಾಯಂದಿರು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಕೇಳುತ್ತಾರೆ. ರೈಲಿಗೆ ಹೊತ್ತಾಗುತ್ತದೆ, ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ‘ಪಾಪಿ’ ಎಂದು ಬರೆದರೆ ಕನ್ನಡದಲ್ಲಿ ಅರ್ಥವೇ ಬೇರೆಯಾಗುತ್ತದೆ. ಅದಕ್ಕೆ ಒತ್ತು ಕೊಟ್ಟು ‘ಪಾಪ್ಪಿ’ ಎಂದೇ ಬರೆಯುತ್ತೇನೆ.

ನವೆಂಬರ್ ಬಂತೆಂದರೆ ಇಲ್ಲಿ ಎಲ್ಲರ ಕೋಟಿನ ಮೇಲೂ ಕೆಂಪು ಹೂವು ಯಾಕೆ?

ಮೊದಲ ಮಹಾಯುದ್ಧ ನಿಂತಿದ್ದು 1918ರ ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ. ಆ ಯುದ್ಧದಲ್ಲಿ, ಆಮೇಲಿನ ಯುದ್ಧಗಳಲ್ಲಿ ಸತ್ತವರನ್ನು ನೆನೆಯಲು ಈ ಹೂವನ್ನು ಹಾಕಿಕೊಳ್ಳುತ್ತಾರೆ. ಇದು ಅರ್ಧ ಉತ್ತರ. ಉಳಿದರ್ಧವನ್ನು ಎಷ್ಟೋ ಜನ ಮರೆತುಬಿಡುತ್ತಾರೆ. ಹೂವು ಸತ್ತವರ ನೆನಪಿಗೆ, ಆದರೆ ಡಬ್ಬಿಗೆ ಬೀಳುವ ಕಾಸು ಬದುಕಿ ಬಂದವರಿಗೆ. ಗಾಯಗೊಂಡವರು, ಕೆಲಸ ಸಿಗದವರು, ರಾತ್ರಿ ನಿದ್ದೆ ಬಾರದವರು, ಗಂಡನನ್ನು ಕಳೆದುಕೊಂಡವರು, ಇವರಿಗಾಗಿಯೇ ಈ ಹೂವಿನ ಮಾರಾಟ ಶುರುವಾಗಿದ್ದು.

ಬೇರೆ ಹೂವು ಇರಲಿಲ್ಲವಾ? ಪಾಪ್ಪಿಯೇ ಯಾಕೆ?

ಯುದ್ಧಭೂಮಿಯಲ್ಲಿ ತಾನಾಗಿ ಬೆಳೆದ ಹೂವು ಅದು. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಬಯಲಿನಲ್ಲಿ ಇದು ಹೊಲದ ಕಳೆ. ಇದರ ಬೀಜ ಮಣ್ಣಿನಡಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ಮಣ್ಣು ತಿರುವಿ ಬೆಳಕು ಬಿದ್ದಾಗ ಮಾತ್ರ ಮೊಳೆಯುತ್ತದೆ. 1914ರಿಂದ ಅಲ್ಲಿ ಮಣ್ಣು ತಿರುವಿದ್ದು ನೇಗಿಲಲ್ಲ, ಫಿರಂಗಿ ಗುಂಡುಗಳು, ಕಂದಕ ತೋಡಿದ ಗುದ್ದಲಿಗಳು, ಗುಂಡಿ ತೋಡಿ ಹೆಣ ಹೂತವರು. ಮರಗಳೆಲ್ಲ ಸುಟ್ಟು ಮೋಟಾದ ಕಡೆ ವಸಂತ ಬಂದಾಗ ಕೆಂಪಗೆ ಅರಳಿದ್ದು ಇದೊಂದೇ.

ಕೆನಡಾದ ಸೈನ್ಯದಲ್ಲಿ ಡಾಕ್ಟರಾಗಿದ್ದ ಜಾನ್ ಮೆಕ್ರೇ ಅದನ್ನು ಕಣ್ಣಾರೆ ಕಂಡರು. 1915ರ ಮೇ 2ರಂದು ಈಪ್ರ್ ಊರಿನ ಹತ್ತಿರ ಅವರ ಗೆಳೆಯ ಅಲೆಕ್ಸಿಸ್ ಹೆಲ್ಮರ್ ಫಿರಂಗಿ ಗುಂಡಿಗೆ ಬಲಿಯಾದರು. ಅದರ ಮರುದಿನ ಮೆಕ್ರೇ ಒಂದು ಚಿಕ್ಕ ಪದ್ಯ ಬರೆದರು. ಸಾಲು ಸಾಲು ಶಿಲುಬೆಗಳ ನಡುವೆ ತಲೆದೂಗುವ ಪಾಪ್ಪಿಗಳು, ಮಣ್ಣಿನಡಿಯಿಂದ ಮಾತಾಡುವ ಸತ್ತವರು ಅದರಲ್ಲಿದ್ದಾರೆ. ಆ ವರ್ಷದ ಡಿಸೆಂಬರಿನಲ್ಲಿ ಅದು ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಅಚ್ಚಾಯಿತು, ಊರೂರಿಗೆ ಹಬ್ಬಿತು. ಯುದ್ಧ ಮುಗಿಯುವುದನ್ನು ನೋಡಲು ಮೆಕ್ರೇ ಇರಲಿಲ್ಲ. 1918ರ ಜನವರಿಯಲ್ಲಿ ನ್ಯುಮೋನಿಯಾದಿಂದ ಫ್ರಾನ್ಸಿನಲ್ಲೇ ತೀರಿಕೊಂಡರು.

ಇದು ನಮ್ಮ ಗಸಗಸೆ ಗಿಡವೇನಾ? ಅಫೀಮು ಬರುವುದು ಇದರಿಂದಲೇ ಅಲ್ವಾ?

ಅಲ್ಲ. ಎರಡೂ ಒಂದೇ ಕುಟುಂಬದ ಗಿಡಗಳು, ದಾಯಾದಿಗಳು ಎನ್ನಬಹುದು. ನಾವು ಪಾಯಸಕ್ಕೆ ಹಾಕುವ ಗಸಗಸೆ ಮತ್ತು ಅಫೀಮು ಬರುವುದು ಬೇರೆ ಜಾತಿಯ ಗಿಡದಿಂದ. ಎದೆಗೆ ಸಿಕ್ಕಿಸುವುದು ಹೊಲದಲ್ಲಿ ಬೆಳೆಯುವ ತೆಳ್ಳನೆಯ ಕೆಂಪು ಹೂವು. ಅದರಿಂದ ಅಫೀಮು ಬರುವುದಿಲ್ಲ.

ಆದರೂ ಈ ಗೊಂದಲ ನಮ್ಮವರಿಗೆ ಮಾತ್ರ ಅಲ್ಲ. 2010ರ ನವೆಂಬರಿನಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಚೀನಾಕ್ಕೆ ಹೋದಾಗ, ಈ ಹೂವು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ ಚೀನಾದ ಮೇಲೆ ಮಾಡಿದ ಅಫೀಮು ಯುದ್ಧಗಳನ್ನು ನೆನಪಿಸುತ್ತದೆ, ತೆಗೆದರೆ ಒಳ್ಳೆಯದು ಎಂದು ಅಲ್ಲಿನ ಅಧಿಕಾರಿಗಳು ಕೇಳಿಕೊಂಡಿದ್ದರು. ಬ್ರಿಟಿಷರು ತೆಗೆಯಲಿಲ್ಲ. ಒಂದೇ ಹೂವು ಒಬ್ಬರಿಗೆ ನೆನಪು, ಇನ್ನೊಬ್ಬರಿಗೆ ಹಳೆಯ ಗಾಯ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೂವನ್ನು ಎದೆಗೆ ಸಿಕ್ಕಿಸಿಕೊಳ್ಳುವ ರೂಢಿ ಶುರು ಮಾಡಿದ್ದು ಯಾರು?

ಇಬ್ಬರು ಹೆಂಗಸರು. ಇಬ್ಬರೂ ಬ್ರಿಟನ್ನಿನವರಲ್ಲ.

ಮೊದಲನೆಯವರು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಷ್ಟ್ರಮ್ಮ ಮೊಯ್ನಾ ಮೈಕಲ್. ಯುದ್ಧ ನಿಲ್ಲುವುದಕ್ಕೆ ಎರಡು ದಿನ ಮುಂಚೆ, 1918ರ ನವೆಂಬರ್ 9ರಂದು, ನ್ಯೂಯಾರ್ಕಿನಲ್ಲಿ ಕೆಲಸದಲ್ಲಿದ್ದಾಗ ಅವರು ಮೆಕ್ರೇ ಪದ್ಯ ಓದಿದರು. ಇನ್ನು ಮುಂದೆ ಯಾವಾಗಲೂ ಕೆಂಪು ಪಾಪ್ಪಿ ಹಾಕಿಕೊಳ್ಳುತ್ತೇನೆ ಎಂದು ನಿಶ್ಚಯಿಸಿದರು. ಅಂಗಡಿಗೆ ಹೋಗಿ 25 ರೇಷ್ಮೆಯ ಪಾಪ್ಪಿ ತಂದು, ಒಂದನ್ನು ತಾವು ಸಿಕ್ಕಿಸಿಕೊಂಡು ಉಳಿದದ್ದನ್ನು ಹಂಚಿದರು.

ಎರಡನೆಯವರು ಫ್ರಾನ್ಸಿನ ಆನ್ನಾ ಗೆರಾಂ. ಯುದ್ಧದಲ್ಲಿ ಹಾಳಾದ ಊರುಗಳ ಹೆಂಗಸರು, ಮಕ್ಕಳು ಬಟ್ಟೆಯ ಪಾಪ್ಪಿ ಮಾಡಲಿ, ಅದನ್ನು ಬೇರೆ ಬೇರೆ ದೇಶಗಳಲ್ಲಿ ಮಾರೋಣ ಎಂಬುದು ಅವರ ಯೋಚನೆ. 1921ರಲ್ಲಿ ಬ್ರಿಟನ್ನಿಗೆ ಬಂದು ಆಗಷ್ಟೇ ಹುಟ್ಟಿದ್ದ, ಮಾಜಿ ಸೈನಿಕರ ಬ್ರಿಟಿಷ್ ಲೀಜನ್ ಸಂಸ್ಥೆಯನ್ನು ಒಪ್ಪಿಸಿದರು. ಲೀಜನ್ 90 ಲಕ್ಷ ಹೂವಿಗೆ ಆರ್ಡರ್ ಕೊಟ್ಟಿತು. ನವೆಂಬರ್ 11ರಂದು ಎಲ್ಲವೂ ಖರ್ಚಾಗಿ, ಒಂದು ಲಕ್ಷ ಪೌಂಡಿಗಿಂತ ಜಾಸ್ತಿ ಕೂಡಿತು.

ಆಗ ಲೀಜನ್ ಮುಖ್ಯಸ್ಥರು ಫೀಲ್ಡ್ ಮಾರ್ಷಲ್ ಡಗ್ಲಸ್ ಹೇಗ್. ಫ್ರಾನ್ಸಿನ ಸಾಮ್ ಕದನದಲ್ಲಿ ಬ್ರಿಟಿಷ್ ಸೈನ್ಯವನ್ನು ನಡೆಸಿದವರು ಅವರೇ. ಆ ಕದನದ ಮೊದಲ ದಿನವೇ, 1916ರ ಜುಲೈ 1ರಂದು, ಬ್ರಿಟಿಷ್ ಕಡೆ 19 ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಅವರ ಮೇಲಿನ ಸಿಟ್ಟು ಇಲ್ಲಿ ಇವತ್ತಿಗೂ ಪೂರ್ತಿ ಆರಿಲ್ಲ. ಹೂವಿನ ನಡುವಿನ ಕಪ್ಪು ಬಿಲ್ಲೆಯ ಮೇಲೆ 1994ರವರೆಗೂ ‘ಹೇಗ್ ಫಂಡ್’ ಎಂದೇ ಅಚ್ಚಾಗುತ್ತಿತ್ತು. ಆಮೇಲೆ ‘ಪಾಪ್ಪಿ ಅಪೀಲ್’ ಎಂದಾಯಿತು.

ಈ ಹೂವುಗಳನ್ನು ಮಾಡುವವರು ಯಾರು?

ಈ ಕಥೆ ನನಗೆ ತುಂಬ ಇಷ್ಟ. ಮೊದಲ ವರ್ಷದ ಹೂವು ಫ್ರಾನ್ಸಿನಿಂದ ಬಂದಿತ್ತು. ಮರುವರ್ಷ, 1922ರಲ್ಲಿ, ಜಾರ್ಜ್ ಹೌಸನ್ ಎಂಬ ಮೇಜರ್ ಲಂಡನ್ನಿನ ಓಲ್ಡ್ ಕೆಂಟ್ ರೋಡಿನಲ್ಲಿ ಚಿಕ್ಕ ಕಾರ್ಖಾನೆ ತೆರೆದರು. ಕೆಲಸಕ್ಕೆ ತೆಗೆದುಕೊಂಡಿದ್ದು ಯುದ್ಧದಲ್ಲಿ ಅಂಗ ಕಳೆದುಕೊಂಡ ಐದು ಜನರನ್ನು. ಇದು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೇ ಇತ್ತು. ಆದರೆ ನಡೆಯಿತು, ಬೆಳೆಯಿತು, ಆಮೇಲೆ ರಿಚ್ಮಂಡಿಗೆ ಹೋಯಿತು. ಹೇಗ್ ಅವರ ಹೆಂಡತಿ 1926ರಲ್ಲಿ ಎಡಿನ್‌ಬರೋದಲ್ಲಿ ಇನ್ನೊಂದನ್ನು ಶುರು ಮಾಡಿದರು.

ಹೂವು ಯಾಕಿಷ್ಟು ಸರಳ ಎಂದು ಎಷ್ಟೋ ಜನ ಕೇಳುತ್ತಾರೆ. ಎರಡು ಎಸಳು, ಒಂದು ಬಿಲ್ಲೆ, ಒಂದು ಕಡ್ಡಿ, ಅಷ್ಟೇ ತಾನೆ? ಒಂದೇ ಕೈ ಇರುವವರೂ ಜೋಡಿಸಲಿ ಎಂದು ಹಾಗೆ ಮಾಡಿದ್ದು. ದುಡ್ಡು ಕೊಟ್ಟು ಕೈತೊಳೆದುಕೊಳ್ಳದೆ ಕೈಗೆ ಕೆಲಸ ಕೊಟ್ಟರಲ್ಲ, ಆ ಕಾಲಕ್ಕೆ ಅದು ದೊಡ್ಡ ಮಾತು. ಊರಿಗೆ ವಾಪಸ್ ಬಂದ ಎಷ್ಟೋ ಸೈನಿಕರು ಆಗ ಬೀದಿಯಲ್ಲಿ ಬೆಂಕಿಪೆಟ್ಟಿಗೆ ಮಾರುತ್ತಿದ್ದರು.

ಡಬ್ಬಿಗೆ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆ?

ರಾಯಲ್ ಬ್ರಿಟಿಷ್ ಲೀಜನ್ನಿಗೆ. ಸ್ಕಾಟ್ಲೆಂಡಿನಲ್ಲಿ ಪಾಪ್ಪಿಸ್ಕಾಟ್ಲೆಂಡ್ ಎಂಬ ಸಂಸ್ಥೆಗೆ. ಅಲ್ಲಿನ ಹೂವೂ ಬೇರೆ, ನಾಲ್ಕು ಎಸಳು, ಎಲೆ ಇಲ್ಲ. ಈಗ ಸೈನ್ಯದಲ್ಲಿರುವವರು, ಬಿಟ್ಟು ಬಂದವರು, ಅವರ ಮನೆಯವರು, ಯಾರಿಗೇ ಕಷ್ಟ ಬಂದರೂ ಕೇಳಬಹುದು. ಸಾಲದಲ್ಲಿ ಸಿಕ್ಕಿಕೊಂಡವರಿಗೆ ಸಲಹೆ, ಮನೆ ಇಲ್ಲದವರಿಗೆ ಆಸರೆ, ಗಾಲಿಕುರ್ಚಿ, ವಯಸ್ಸಾದವರಿಗೆ ಆರೈಕೆ, ಮನಸ್ಸಿನ ಕಾಯಿಲೆಗೆ ದಾರಿ ತೋರಿಸುವುದು, ಹೀಗೆ.

ನಮ್ಮವರಿಗೂ ಏನಾದರೂ ಇದೆಯಾ ಎಂದು ಕೇಳುತ್ತೀರಿ. ಸ್ವಾತಂತ್ರ್ಯಕ್ಕೆ ಮುಂಚೆ ಬ್ರಿಟಿಷರ ಸೈನ್ಯದಲ್ಲಿ ದುಡಿದು, ಈಗ ಕಾಮನ್‌ವೆಲ್ತ್ ದೇಶಗಳಲ್ಲಿ ಬಡತನದಲ್ಲಿರುವ ಮುದುಕರಿಗೆ, ಅವರ ವಿಧವೆಯರಿಗೆ ನೆರವಾಗುವುದು ಬೇರೆಯೇ ಸಂಸ್ಥೆ. ಅದರ ಹೆಸರು ರಾಯಲ್ ಕಾಮನ್‌ವೆಲ್ತ್ ಎಕ್ಸ್-ಸರ್ವಿಸಸ್ ಲೀಗ್. ಅದೂ 1921ರಲ್ಲೇ ಹುಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ 25 ಲಕ್ಷ ಭಾರತೀಯರು ಸೈನ್ಯ ಸೇರಿದ್ದರು. ಅವರಲ್ಲಿ ಉಳಿದಿರುವವರಿಗೆ ಈಗ ನೂರರ ಹತ್ತಿರ ವಯಸ್ಸು. ಕೊಡುವ ಮನಸ್ಸಿದ್ದರೆ ಈ ಸಂಸ್ಥೆಯನ್ನೂ ನೆನಪಿಟ್ಟುಕೊಳ್ಳಿ. ಸಮಯ ಜಾಸ್ತಿ ಇಲ್ಲ.

ಎಷ್ಟು ಹಾಕಬೇಕು?

ಇಷ್ಟೇ ಎಂದಿಲ್ಲ. ಕಾಗದದ ಹೂವಿಗೆ ಬೆಲೆಯೇ ಇಲ್ಲ, ನಿಮ್ಮ ಕೈಲಾದಷ್ಟು. ಚಿಲ್ಲರೆ ಇಲ್ಲ ಎಂದು ಮುಖ ತಿರುಗಿಸಿಕೊಂಡು ಹೋಗಬೇಡಿ, ಈಗ ಬಹಳ ಕಡೆ ಕಾರ್ಡ್ ಮೆಷಿನ್ ಇದೆ. ಲೋಹದ ಬ್ಯಾಡ್ಜ್, ಬ್ರೂಚ್ ಬೇಕಾದರೆ ಅದಕ್ಕೆ ಬೆಲೆ ಬರೆದಿರುತ್ತದೆ.

ಯಾವಾಗಿಂದ ಯಾವಾಗಿನವರೆಗೆ ಹಾಕಿಕೊಳ್ಳಬೇಕು?

ಅಕ್ಟೋಬರ್ ಕೊನೆಯಲ್ಲಿ ಹೂವು ಕೊಡಲು ಶುರು ಮಾಡುತ್ತಾರೆ. ನವೆಂಬರ್ 11ರವರೆಗೆ ಹಾಕುವುದು ವಾಡಿಕೆ. ನವೆಂಬರಿನ ಎರಡನೇ ಭಾನುವಾರ ‘ರಿಮೆಂಬ್ರೆನ್ಸ್ ಸಂಡೇ’. ಅವತ್ತು ಲಂಡನ್ನಿನ ಸೆನೊಟಾಫ್ ಸ್ಮಾರಕದಲ್ಲೂ ಊರೂರಿನ ಸ್ಮಾರಕಗಳಲ್ಲೂ ಹೂಮಾಲೆ ಇಡುತ್ತಾರೆ. ಆ ಭಾನುವಾರ 11ರ ನಂತರ ಬಂದರೆ ಅಲ್ಲಿಯವರೆಗೂ ಇಟ್ಟುಕೊಳ್ಳುತ್ತಾರೆ.

ಎಡಗಡೆನಾ, ಬಲಗಡೆನಾ? ಎಲೆ ಯಾವ ಕಡೆ ತಿರುಗಿರಬೇಕು?

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಎಲೆ ಗಡಿಯಾರದ 11ರ ಕಡೆ ತೋರಿಸಬೇಕು ಎಂದೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅಂಥ ನಿಯಮ ಇಲ್ಲ. ಎಲ್ಲಿ ಬೇಕಾದರೂ ಹಾಕಿಕೊಳ್ಳಿ ಎಂದು ಲೀಜನ್ನೇ ಹೇಳುತ್ತದೆ. ಕೆನಡಾದಲ್ಲಿ ಮಾತ್ರ ಎಡಗಡೆ, ಹೃದಯದ ಹತ್ತಿರ ಹಾಕಿ ಎನ್ನುತ್ತಾರೆ.

ರೇಷ್ಮೆ ಸೀರೆಗೆ ಪಿನ್ ಚುಚ್ಚಿದರೆ ಹಾಳಾಗುತ್ತದಲ್ಲ?

ಹೌದು, ಮೈಸೂರು ಸಿಲ್ಕಿಗೆ ಚುಚ್ಚಬೇಡಿ. ಸೆರಗಿಗೆ ಹೇಗೂ ಸೇಫ್ಟಿ ಪಿನ್ ಹಾಕಿರುತ್ತೀರಿ, ಹೂವಿನ ಕಡ್ಡಿಯನ್ನು ಅದಕ್ಕೇ ಸಿಕ್ಕಿಸಿ. ಅಂಟಿಸುವ ಹೂವೂ ಸಿಗುತ್ತದೆ, ಆದರೆ ಅದನ್ನು ಶಾಲಿಗೋ ಸ್ವೆಟರಿಗೋ ಅಂಟಿಸಿ. ಜುಬ್ಬಾಕ್ಕೆ ಗುಂಡಿಯ ಕಾಜವೇ ಸಾಕು.

ಸತ್ತವರ ಹೆಸರಿನ ಹೂವನ್ನು ಮೈಮೇಲೆ ಹಾಕಿಕೊಳ್ಳುವುದು ಅಶುಭ ಅಲ್ವಾ?

ಊರಿನಿಂದ ಬಂದ ಹಿರಿಯರು ಕೇಳುವ ಪ್ರಶ್ನೆ ಇದು. ಮೆಲ್ಲಗೆ, ನನಗೆ ಬೇಜಾರಾಗಬಾರದು ಎಂದು ಕೇಳುತ್ತಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಹೂವು ಮುಡಿಯುವುದು ಮುತ್ತೈದೆತನಕ್ಕೆ, ಹಬ್ಬಕ್ಕೆ. ಸಾವಿನ ಮನೆಯ ಹೂವು ಹೆಣದ ಜೊತೆಗೇ ಹೋಗುತ್ತದೆ, ಯಾರೂ ಮುಟ್ಟುವುದಿಲ್ಲ.

ಇದಕ್ಕೆ ನನ್ನ ಅಮ್ಮನ ಕಥೆಯನ್ನೇ ಹೇಳುತ್ತೇನೆ. ಅಪ್ಪ ಬೆಂಗಳೂರಿನ ಎಂ.ಇ.ಜಿ.ಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಹವಾಲ್ದಾರ್ ಆಗಿ ರಿಟೈರ್ ಆದವರು. ಅವರು ತೀರಿಕೊಂಡ ಮೇಲೆ ಅಮ್ಮ ಹೂವು ಮುಡಿಯುವುದನ್ನು ಬಿಟ್ಟರು. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದಿನಾ ಮೊಳ ಅಳೆದು ಕೊಡುತ್ತಿದ್ದ ಹೂವಿನಮ್ಮ ನಮ್ಮ ಬಾಗಿಲು ದಾಟಿ ಮುಂದೆ ಹೋಗತೊಡಗಿದರು, ಅಷ್ಟೇ. 2019ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಸ್ಟೇಷನ್ನಿನಲ್ಲಿ ಮೆಡಲ್ ಹಾಕಿಕೊಂಡ ಒಬ್ಬ ಅಜ್ಜ ಡಬ್ಬಿ ಇಟ್ಟುಕೊಂಡು ಕೂತಿದ್ದರು. ನಮ್ಮ ತಂದೆಯೂ ಸೈನ್ಯದಲ್ಲಿದ್ದರು, ಇವರು ನಮ್ಮ ತಾಯಿ ಎಂದೆ. ಅಜ್ಜ ಊರುಗೋಲು ಹಿಡಿದು ಎದ್ದು ನಿಂತರು. ಹೂವನ್ನು ಕೈಯಲ್ಲಿ ಹಿಡಿದು, ಸಿಕ್ಕಿಸಲೇ ಎಂದು ಕೇಳಿದರು. ಅಮ್ಮ ನನ್ನ ಕಡೆ ತಿರುಗಿ, “ನಾನು ಹಾಕ್ಕೋಬಹುದೇನೇ?” ಎಂದರು.

ಹಾಕಿಕೊಂಡರು. ವಾಪಸ್ ಹೋಗುವವರೆಗೂ ಆ ಶಾಲಿನಿಂದ ಅದನ್ನು ತೆಗೆಯಲಿಲ್ಲ. ಡಿಸೆಂಬರ್ ಬಂದರೂ ತೆಗೆಯಲಿಲ್ಲ, ನಾನೂ ತೆಗಿ ಎನ್ನಲಿಲ್ಲ. ಸೈನಿಕನ ನೆನಪಿನ ಹೂವನ್ನು ಹಾಕಿಕೊಳ್ಳಲು ಅವನ ಹೆಂಡತಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಮಡಿದವರನ್ನು ಬೀದಿಯಲ್ಲಿ, ಎಲ್ಲರ ಕಣ್ಣೆದುರು ನೆನೆಯುವುದು ನಮಗೆ ಹೊಸದೇನಲ್ಲ. ನಮ್ಮ ಊರುಗಳ ಹೊರಗೆ ವೀರಗಲ್ಲು ನಿಲ್ಲಿಸಿದ್ದಾರಲ್ಲ, ಅದು ಇನ್ನೇನು? ಬೆಂಗಳೂರಿನ ಹೆಸರು ಬರುವ ತೀರ ಹಳೆಯ ಶಾಸನ, ಸುಮಾರು 9ನೇ ಶತಮಾನದ್ದು, ಬೇಗೂರಿನಲ್ಲಿ ಸಿಕ್ಕಿತು. ಅದೂ ಒಂದು ಕಾಳಗದಲ್ಲಿ ಸತ್ತವನ ವೀರಗಲ್ಲೇ.

ನಮ್ಮನ್ನು ಆಳಿದವರ ಹೂವನ್ನು ನಾವು ಯಾಕೆ ಹಾಕಿಕೊಳ್ಳಬೇಕು?

ನ್ಯಾಯವಾದ ಪ್ರಶ್ನೆ. ನಾನೂ ಬಹಳ ವರ್ಷ ಇದನ್ನೇ ಕೇಳಿಕೊಂಡಿದ್ದೇನೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ 13 ಲಕ್ಷಕ್ಕಿಂತ ಹೆಚ್ಚು ಭಾರತೀಯರು ದುಡಿದರು. ಸುಮಾರು 74,000 ಜನ ವಾಪಸ್ ಬರಲಿಲ್ಲ. 1914ರ ಸೆಪ್ಟೆಂಬರಿನಲ್ಲಿ ಮಾರ್ಸೇಲ್ ಬಂದರಿನಲ್ಲಿ ಇಳಿದವರು ಆ ಚಳಿಗಾಲವನ್ನು ಕಂದಕಗಳಲ್ಲಿ ಕಳೆದರು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿರುವ ಭಾರತೀಯ ಸ್ಮಾರಕದಲ್ಲಿ 4,700ಕ್ಕಿಂತ ಹೆಚ್ಚು ಹೆಸರುಗಳಿವೆ. ಇವರು ಯಾರಿಗೂ ಗುರುತಿಲ್ಲದ ಗೋರಿಯಲ್ಲಿ ಮಲಗಿದವರು. ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನು? ಯುದ್ಧ ಮುಗಿದು ಐದೇ ತಿಂಗಳಿಗೆ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್. ಅತಿ ಹೆಚ್ಚು ಸೈನಿಕರನ್ನು ಕಳಿಸಿದ ಪಂಜಾಬಿನಲ್ಲೇ. ಆದ್ದರಿಂದ ಈ ಹೂವನ್ನು ನೋಡಿ ಸಿಟ್ಟು ಬಂದರೆ ಆ ಸಿಟ್ಟಿಗೆ ಕಾರಣ ಇದೆ.

ಈ ಸಿಟ್ಟು ಹೂವಾಗಿಯೇ ಅರಳಿದ ಕಥೆ ನಮ್ಮ ಪಕ್ಕದಲ್ಲೇ ಇದೆ. ಆಗಿನ ಸಿಲೋನಿನಲ್ಲೂ, ಅಂದರೆ ಈಗಿನ ಶ್ರೀಲಂಕಾದಲ್ಲೂ, ನವೆಂಬರ್ 11ಕ್ಕೆ ಪಾಪ್ಪಿ ಮಾರುತ್ತಿದ್ದರು. ಕೂಡಿದ ದುಡ್ಡಿನ ಹೆಚ್ಚು ಭಾಗ ಬ್ರಿಟನ್ನಿಗೆ ಹೋಗುತ್ತಿತ್ತು. ನಮ್ಮ ಮಾಜಿ ಸೈನಿಕರಿಗೆ ಏನು ಉಳಿಯಿತು ಎಂದು ಅಲ್ಲಿನ ಮಾಜಿ ಸೈನಿಕರೇ ಕೇಳಿದರು. 1931ರಲ್ಲಿ ಪಾಪ್ಪಿಗೆ ಎದುರಾಗಿ ‘ಸೂರಿಯ’ ಹೂವು ಮಾರಲು ಶುರು ಮಾಡಿದರು. ನಮ್ಮ ಹೂವರಸಿ ಮರದ ಹಳದಿ ಹೂವು ಅದು. ಎರಡು ವರ್ಷದಲ್ಲಿ ಅಲ್ಲಿನ ಯುವಜನ ಅದನ್ನು ಕೈಗೆತ್ತಿಕೊಂಡು ಸಾಮ್ರಾಜ್ಯದ ವಿರುದ್ಧದ ಚಳವಳಿಯಾಗಿ ಬೆಳೆಸಿದರು. 1934-35ರಲ್ಲಿ ಮಲೇರಿಯಾ ಹಬ್ಬಿದಾಗ ಅದೇ ಜನ ಹಳ್ಳಿಹಳ್ಳಿಗೆ ಔಷಧಿ ಹೊತ್ತುಕೊಂಡು ಹೋದರು. ಹೂವಿನ ದುಡ್ಡು ಯಾರಿಗೆ ಎಂದು ಕೇಳುವುದು ಕೃತಘ್ನತೆ ಅಲ್ಲ. ಹೂವನ್ನು ನಿಜವಾಗಿ ಗೌರವಿಸುವವರೇ ಅದನ್ನು ಕೇಳುವುದು.

ಹಾಗಾದರೆ ನಾನು ಯಾಕೆ ಹಾಕಿಕೊಳ್ಳುತ್ತೇನೆ? ಬ್ರೈಟನ್ ಊರಿನ ಅರಮನೆಯನ್ನು 1914ರ ಕೊನೆಯಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ ಈಗ ಬಿಳಿ ಅಮೃತಶಿಲೆಯ ‘ಛತ್ರಿ’ ಎಂಬ ಸ್ಮಾರಕ ಮಂಟಪ ಇದೆ, 1921ರಲ್ಲಿ ಕಟ್ಟಿ ಮುಗಿಸಿದ್ದು. ಪಕ್ಕದ ಕಲ್ಲಿನಲ್ಲಿ 53 ಹೆಸರುಗಳಿವೆ. ನಾನು ಹೋದ ದಿನ ಗಾಳಿ ಜೋರಾಗಿತ್ತು, ಸುತ್ತ ಕುರಿಗಳು ಮೇಯುತ್ತಿದ್ದವು. ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಇವರ ಮನೆಯವರು ಈ ಗುಡ್ಡ ಹತ್ತಿ ಬರಲು ಎಂದೂ ಆಗಿರಲಿಕ್ಕಿಲ್ಲ. ಅವತ್ತಿನಿಂದ ನಾನು ಹೂವು ಹಾಕಿಕೊಳ್ಳುವಾಗ ಈ 53 ಜನರಿಗೆ ಎಂದುಕೊಂಡೇ ಹಾಕಿಕೊಳ್ಳುತ್ತೇನೆ. ಸಾಮ್ರಾಜ್ಯಕ್ಕಲ್ಲ.

ಕನ್ನಡ ನಾಡಿನವರು ಈ ಯುದ್ಧದಲ್ಲಿ ಇದ್ದರಾ?

ಇದ್ದರು. ಮೈಸೂರು ಸಂಸ್ಥಾನದ ಕುದುರೆ ಸೈನ್ಯ ‘ಮೈಸೂರು ಲ್ಯಾನ್ಸರ್ಸ್’ ಈಜಿಪ್ಟ್‌ಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು, ಆಮೇಲೆ ಪ್ಯಾಲೆಸ್ತೀನಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದಿತು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು.

ದೆಹಲಿಯ ತೀನ್ ಮೂರ್ತಿ ಗೊತ್ತಲ್ಲ? ಆ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿಗೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬ್ರಿಗೇಡ್ ರೋಡ್ ರೆಸಿಡೆನ್ಸಿ ರೋಡಿಗೆ ಸೇರುವಲ್ಲಿರುವ ಕಲ್ಲಿನ ಕಂಬ ಮದ್ರಾಸ್ ಪಯೋನಿಯರ್ಸ್ ಸೈನಿಕರದ್ದು. ಅಲ್ಲಿ ಕಾಲೇಜು ದಿನಗಳಲ್ಲಿ ಎಷ್ಟು ಸಲ ಗೆಳತಿಯರಿಗಾಗಿ ಕಾದು ನಿಂತಿದ್ದೆನೋ. ಒಂದು ಸಲವೂ ಅದರ ಮೇಲೆ ಬರೆದಿದ್ದನ್ನು ಓದಿರಲಿಲ್ಲ. ನೀವು ಆ ಕಡೆ ಹೋದರೆ ಓದಿ.

ಭಾರತದ್ದೇ ಆದ ಹೂವು ಇಲ್ಲವಾ?

ಇದೆ, ಚೆಂಡುಹೂವು. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಎಂಬ ಸೈನ್ಯದ ವಿಷಯಗಳ ಅಧ್ಯಯನ ಸಂಸ್ಥೆ ಮೊದಲ ಮಹಾಯುದ್ಧದ ನೂರನೇ ವರ್ಷದ ಹೊತ್ತಿಗೆ ಇದನ್ನು ಭಾರತದ ನೆನಪಿನ ಹೂವು ಎಂದು ಮುಂದಿಟ್ಟಿತು. ಎಲ್ಲ ಕಡೆ ಸಿಗುತ್ತದೆ, ಅದರ ಕೇಸರಿ ಬಣ್ಣ ತ್ಯಾಗದ್ದು. ನನಗೆ ಇನ್ನೂ ಒಂದು ಕಾರಣ ಕಾಣುತ್ತದೆ. ನಮ್ಮಲ್ಲಿ ಆಯುಧಪೂಜೆಗೆ ಇಡುವುದೇ ಈ ಹೂವನ್ನು.

2018ರಲ್ಲಿ ಬ್ರಿಟಿಷ್ ಲೀಜನ್ ಕೂಡ ಖಾದಿ ಬಟ್ಟೆಯ ಪಾಪ್ಪಿ ತಂದಿತು, ಭಾರತೀಯ ಸೈನಿಕರ ಗೌರವಕ್ಕೆಂದು. ಆಗಿನ ಪ್ರಧಾನಿ ಥೆರೇಸಾ ಮೇ ಅದನ್ನು ಹಾಕಿಕೊಂಡಿದ್ದರು. ಗಾಂಧೀಜಿ ಆ ಬ್ರಿಟಿಷರ ವಿರುದ್ಧವೇ ಎತ್ತಿ ಹಿಡಿದ ಬಟ್ಟೆ ಅದು. ಅದಕ್ಕೇ ಕೆಲವರಿಗೆ ಇದು ಒಪ್ಪಿಗೆ ಆಗಲಿಲ್ಲ. ನನಗೆ ಒಪ್ಪಿಗೆ. ನನ್ನ ಹತ್ತಿರ ಒಂದಿದೆ.

ಬಿಳಿ ಪಾಪ್ಪಿ, ನೇರಳೆ ಪಾಪ್ಪಿ ಕೂಡ ನೋಡಿದ್ದೇನೆ. ಅವು ಏನು?

ಬಿಳಿಯದು 1933ರಿಂದ ಇದೆ. ಕೋಆಪರೇಟಿವ್ ವಿಮೆನ್ಸ್ ಗಿಲ್ಡ್ ಎಂಬ ಹೆಂಗಸರ ಸಂಘ ಶುರು ಮಾಡಿದ್ದು. ಅವರಲ್ಲಿ ಎಷ್ಟೋ ಜನ ಯುದ್ಧದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರು. ಎಲ್ಲ ಕಡೆಯ ಸತ್ತವರನ್ನೂ ನೆನೆಯೋಣ, ಇನ್ನೊಂದು ಯುದ್ಧ ಬೇಡ ಎಂಬುದು ಅದರ ಅರ್ಥ. ಈಗ ಪೀಸ್ ಪ್ಲೆಡ್ಜ್ ಯೂನಿಯನ್ ಅದನ್ನು ಹಂಚುತ್ತದೆ. ಕೆಂಪು, ಬಿಳಿ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ನೇರಳೆ ಬಣ್ಣದ್ದು ಯುದ್ಧದಲ್ಲಿ ಸತ್ತ ಕುದುರೆ, ನಾಯಿಗಳಂಥ ಪ್ರಾಣಿಗಳಿಗೆ. ಲ್ಯಾನ್ಸರ್‌ಗಳ ಕುದುರೆಗಳೂ ಅದರಲ್ಲಿ ಸೇರುತ್ತವಲ್ಲ.

ಬೇರೆ ದೇಶಗಳಲ್ಲೂ ಪಾಪ್ಪಿಯೇ ಹಾಕುತ್ತಾರಾ?

ಫ್ರಾನ್ಸಿನಲ್ಲಿ ‘ಬ್ಲೂಯೆ’ ಎಂಬ ನೀಲಿ ಹೂವು. 1916ರಲ್ಲಿ ಪ್ಯಾರಿಸ್ಸಿನ ಸೈನಿಕರ ಆಸ್ಪತ್ರೆಯಲ್ಲಿ ಇಬ್ಬರು ಹೆಂಗಸರು ಗಾಯಗೊಂಡವರಿಂದ ಬಟ್ಟೆಯ ಹೂವು ಮಾಡಿಸಿ ಮಾರಿಸಿದರು, ಅದರಿಂದ ಬಂದಿದ್ದು. ನ್ಯೂಜಿಲೆಂಡಿನಲ್ಲಿ ಪಾಪ್ಪಿಯೇ, ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನು ನೆನೆಯುವ ಏಪ್ರಿಲ್ 25ರ ಆನ್ಜಾಕ್ ದಿನಕ್ಕೆ. 1921ರ ನವೆಂಬರಿಗೆ ಬರಬೇಕಿದ್ದ ಹೂವಿನ ಹಡಗು ತಡವಾಗಿ, ಮುಂದಿನ ಏಪ್ರಿಲಿನಲ್ಲಿ ಮಾರಿದರು. ಅದೇ ರೂಢಿಯಾಯಿತು. ಆಸ್ಟ್ರೇಲಿಯಾದವರು ಆನ್ಜಾಕ್ ದಿನ ರೋಸ್‌ಮೇರಿ ಎಲೆಯ ಕುಡಿ ಸಿಕ್ಕಿಸಿಕೊಳ್ಳುತ್ತಾರೆ. 1915ರಲ್ಲಿ ಅವರ ಸೈನಿಕರು ಹೋರಾಡಿದ ಟರ್ಕಿಯ ಗಲಿಪೊಲಿಯ ಗುಡ್ಡಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಮೆರಿಕದಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ ಸಮಯಕ್ಕೆ ಪಾಪ್ಪಿ ಹಂಚುತ್ತಾರೆ.

ಆಫೀಸಿನಲ್ಲಿ ಎಲ್ಲರೂ ಹಾಕಿದ್ದಾರೆ. ನಾನು ಹಾಕದಿದ್ದರೆ ತಪ್ಪಾ?

ತಪ್ಪಲ್ಲ. ಯಾರೂ ಒತ್ತಾಯ ಮಾಡುವಂತಿಲ್ಲ. ಬಲವಂತಕ್ಕೆ ಹಾಕಿದ ಹೂವು ಯಾರ ನೆನಪಿಗೂ ಅಲ್ಲ. ಉತ್ತರ ಐರ್ಲೆಂಡಿನವರು ನಿಮ್ಮ ಜೊತೆ ಕೆಲಸ ಮಾಡುತ್ತಿದ್ದರೆ ಅವರಲ್ಲಿ ಕೆಲವರು ಹಾಕುವುದಿಲ್ಲ. ಅಲ್ಲಿ ಬ್ರಿಟಿಷ್ ಸೈನ್ಯದ ನೆನಪು ಬೇರೆ. ಅದೇ ನಾಡಿನ ಎನಿಸ್ಕಿಲ್ಲೆನ್ ಊರಿನಲ್ಲಿ 1987ರ ರಿಮೆಂಬ್ರೆನ್ಸ್ ಸಂಡೇ ದಿನ ಸ್ಮಾರಕದ ಹತ್ತಿರ ಸೇರಿದ್ದವರ ಮೇಲೆ ಬಾಂಬ್ ಸಿಡಿದು 11 ಜನ ಸತ್ತರು. ಹಾಗಾಗಿ ಹಾಕಿದವರನ್ನೂ ಹಾಕದವರನ್ನೂ ಯಾಕೆ ಎಂದು ಕೆದಕಬೇಡಿ.

ಮೊದಲ ವಾರ ರಾಜ್ಯೋತ್ಸವ ಇರುತ್ತದೆ. ಕನ್ನಡ ಬಾವುಟದ ಬ್ಯಾಡ್ಜ್ ಜೊತೆ ಪಾಪ್ಪಿ ಹಾಕಬಹುದಾ?

ಖಂಡಿತ. ನಾನು ಎರಡನ್ನೂ ಹಾಕಿಕೊಳ್ಳುತ್ತೇನೆ. ಇದೇನು ಅರಿಶಿನ ಕುಂಕುಮದ ಬಣ್ಣದ ಬಾವುಟ ಎಂದು ಕೇಳಿದವರಿಗೆ ಮೈಸೂರು ಲ್ಯಾನ್ಸರ್ಸ್ ಕಥೆ ಹೇಳಲು ಒಳ್ಳೆಯ ದಾರಿ.

ಭಾರತದಲ್ಲಿ ಇಂಥ ದಿನ ಇದೆಯಾ? ಅಲ್ಲಿರುವವರು ಏನು ಮಾಡಬಹುದು?

ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆಯುತ್ತಿದೆ. ಅದೇ ವರ್ಷದ ಜನವರಿ 15ರಂದು ನಮ್ಮ ಕೊಡಗಿನ ಕಾರ್ಯಪ್ಪನವರು ಭಾರತದ ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದು. ಶಾಲೆಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಚಿಕ್ಕ ಬಾವುಟದ ಚೀಟಿ ಕೊಟ್ಟು ಚಿಲ್ಲರೆ ತಗೊಳ್ಳುತ್ತಿದ್ದರಲ್ಲ, ಅದೇ. ಮೂರು ಬಣ್ಣ ಭೂಸೇನೆ, ನೌಕಾಪಡೆ, ವಾಯುಪಡೆಗೆ. ಆ ನಿಧಿಯಿಂದ ಯುದ್ಧದಲ್ಲಿ ಮಡಿದವರ ಹೆಂಡತಿಯರಿಗೆ, ಅಂಗ ಕಳೆದುಕೊಂಡವರಿಗೆ, ಪಿಂಚಣಿ ಇಲ್ಲದ ವಯಸ್ಸಾದ ಮಾಜಿ ಸೈನಿಕರಿಗೆ, ಅವರ ಮಕ್ಕಳ ಓದಿಗೆ ನೆರವು ಸಿಗುತ್ತದೆ.

ಇಲ್ಲಿ ಪಾಪ್ಪಿಗೆ ಇರುವ ಸಡಗರ ನಮ್ಮಲ್ಲಿ ಧ್ವಜ ದಿನಕ್ಕೆ ಇಲ್ಲ. ಅದು ನನಗೆ ನೋವು. ಬಾರ್ಡರಿನಲ್ಲಿ ಏನಾದರೂ ಆದ ದಿನ ಸ್ಟೇಟಸ್ ಹಾಕುತ್ತೇವೆ, ಡಿಸೆಂಬರ್ 7 ಮರೆತುಬಿಡುತ್ತೇವೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ, ಧ್ವಜ ದಿನದ ನಿಧಿಗೆ ಅಲ್ಲಿ ಕೊಡಬಹುದು. ನಿಮ್ಮ ಊರಿನಲ್ಲಿ ಮಾಜಿ ಸೈನಿಕರ ಮನೆ ಯಾವುದು ಎಂದು ಗೊತ್ತಾ? ಅವರ ಪಿಂಚಣಿ ಕಾಗದ ಸರಿಯಾಗಿದೆಯಾ, ಬ್ಯಾಂಕಿಗೆ ಹೋಗಿಬರಲು ಜೊತೆ ಬೇಕಾ ಎಂದು ಒಂದು ಸಲ ಕೇಳಿ ಬನ್ನಿ. ಅಪ್ಪ ಹೋದ ಮೇಲೆ ಅಮ್ಮನಿಗೆ ಬೇಕಾಗಿದ್ದು ಅದೇ. ಬಂದಿದ್ದು ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರೇ ಒಬ್ಬರು.

ನಕಲಿ ಪಾಪ್ಪಿ ಮಾರುತ್ತಾರಂತೆ, ಹೌದಾ?

ಹೌದು. ಆನ್‌ಲೈನಿನಲ್ಲಿ ಪಾಪ್ಪಿ ಚಿತ್ರದ ಶರ್ಟು, ಬ್ಯಾಡ್ಜು ಮಾರುವ ಎಲ್ಲರೂ ಸೈನಿಕರಿಗೆ ಕಾಸು ಕೊಡುವುದಿಲ್ಲ. ಲೀಜನ್ನಿನ ಸ್ವಂತ ಅಂಗಡಿಯಿಂದಲೇ ತಗೊಳ್ಳಿ. ಬೀದಿಯಲ್ಲಾದರೆ ಡಬ್ಬಿಗೆ ಸೀಲ್ ಇದೆಯಾ, ಹಿಡಿದವರ ಹತ್ತಿರ ಗುರುತಿನ ಚೀಟಿ ಇದೆಯಾ ನೋಡಿ. ನನ್ನನ್ನು ಕೇಳಿದರೂ ತೋರಿಸುತ್ತೇನೆ, ಬೇಜಾರಿಲ್ಲ.

ಎರಡು ನಿಮಿಷ ಮೌನದಲ್ಲಿ ಮಕ್ಕಳಿಗೆ ಏನು ಯೋಚಿಸಲು ಹೇಳಬೇಕು?

ನವೆಂಬರ್ 11ರ ಬೆಳಗ್ಗೆ 11ಕ್ಕೆ ಮೌನ, 1919ರಿಂದ ನಡೆದು ಬಂದಿದೆ. ಮಕ್ಕಳಿಗೆ ಲಕ್ಷದ ಲೆಕ್ಕ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ. ಒಂದೇ ಹೆಸರು ಕೊಡಿ. ನಿಮ್ಮ ಊರಿನ ಸ್ಮಾರಕದ ಮೇಲಿರುವ ಯಾವುದಾದರೂ ಒಂದು ಹೆಸರು, ಇಲ್ಲವೇ ನಿಮ್ಮ ಮನೆತನದಲ್ಲಿ ಸೈನ್ಯಕ್ಕೆ ಹೋದವರ ಹೆಸರು. ನನ್ನ ಮಗ ತಾತನ ಹೆಸರು ಹೇಳಿಕೊಳ್ಳುತ್ತಾನೆ.

ನವೆಂಬರ್ ಮುಗಿದ ಮೇಲೆ ಹೂವನ್ನು ಏನು ಮಾಡಬೇಕು?

2023ರಿಂದ ಬಂದಿರುವ ಹೊಸ ಹೂವು ಪೂರ್ತಿ ಕಾಗದದ್ದು, ಪ್ಲಾಸ್ಟಿಕ್ ಇಲ್ಲ. ಕಾಫಿ ಲೋಟ ತಯಾರಿಸುವಾಗ ಉಳಿದ ಕಾಗದದ ನಾರೂ ಅದರಲ್ಲಿದೆ. ಪಿನ್ ಇದ್ದರೆ ತೆಗೆದು ರದ್ದಿ ಕಾಗದದ ಡಬ್ಬಿಗೆ ಹಾಕಬಹುದು. ಅದರಲ್ಲಿ ಅಗೌರವ ಏನಿಲ್ಲ. ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಂಡರೂ ಸರಿ, ಆದರೆ ಡಬ್ಬಿಗೆ ಕಾಸು ಮಾತ್ರ ಮತ್ತೆ ಹಾಕಿ.

ಅಮ್ಮನದು ಹಳೆಯ ಪ್ಲಾಸ್ಟಿಕ್ ಕಡ್ಡಿಯ ಹೂವು. ಊರಿನಲ್ಲಿ, ಬೀರುವಿನೊಳಗೆ, ಅಪ್ಪನ ಡಿಸ್ಚಾರ್ಜ್ ಬುಕ್ಕಿನ ಹಾಳೆಗಳ ನಡುವೆ ಇದೆ. ಎಸಳು ಸ್ವಲ್ಪ ಬಣ್ಣ ಬಿಟ್ಟಿದೆ.